ಏಳನೆಯ ಸಂವೇದಕ

ನ್ಯೂಪೋರ್ಟಿನ ಚಿಪ್ ಕಾರ್ಖಾನೆ, ರಾತ್ರಿ ಪಾಳಿ.
ಬಿಂದಿ ಕಿತ್ತು ಕನ್ನಡಿಗೆ ಅಂಟಿಸಿ
ಬಿಳಿ ನಿಲುವಂಗಿ, ಮುಸುಕು, ಎರಡು ಜೊತೆ ಕೈಗವಸು.
ಒಳಗೆ ಹೋಗುವುದು ಕಣ್ಣು ಮಾತ್ರ.

ಇಲ್ಲಿ ಇಪ್ಪತ್ತೊಂದು ಡಿಗ್ರಿಯೆಂದರೆ ಇಪ್ಪತ್ತೊಂದೇ.
ಹೊರಗೆ ಅಸ್ಕ್ ನದಿಯ ಕೆಸರು ಹೆಪ್ಪುಗಟ್ಟಲಿ,
ಸೆಕೆಗೆ ಬಸ್ಸಿನ ಸೀಟು ತೊಡೆಗಂಟಲಿ,
ಗೋಡೆಯ ಹನ್ನೆರಡು ಸಂವೇದಕಗಳಿಗೆ
ಋತುವೆಂಬುದು ಗೊತ್ತಿಲ್ಲ.

ಏಳನೆಯದೊಂದು ಹಟಮಾರಿ.
ದಿನಾ ಮೂರೂಕಾಲಿಗೆ
ಡಿಗ್ರಿಯ ಹತ್ತರಲ್ಲೆರಡು ಪಾಲು ಏರಿ,
ಹತ್ತು ನಿಮಿಷ ನಿಂತು,
ಏನೂ ಆಗದ ಹಾಗೆ ಇಳಿಯುತ್ತದೆ.

ಬಿಚ್ಚಿ ತಂದೆ. ಮಂಜುಗಡ್ಡೆಯ ನೀರಲ್ಲಿ ಅದ್ದಿದೆ.
ಸೊನ್ನೆ ಎಂದಿತು, ಕೂದಲೆಳೆಯೂ ಆಚೀಚೆ ಇಲ್ಲ.
ತಂತಿ ಬದಲಿಸಿದೆ. ಹೊಸದನ್ನೇ ಹಾಕಿದೆ.
ಮೂರೂಕಾಲಿಗೆ ಅದೂ ಏರಿತು.

ಕೊನೆಗೆ ಅಲ್ಲೇ ನಿಂತು ಕಾದೆ.
ಇಡ್ರಿಸ್ ಬಂದ. ಮುಸುಕಿನಲ್ಲಿ ಎಲ್ಲರೂ ಒಂದೇ,
ಎಡಗಾಲು ಎಳೆಯುವ ನಡಿಗೆಯಿಂದ ಗುರುತು.
ಏಳನೆಯದರ ಕೆಳಗೆ ಗೋಡೆಗೆ ಬೆನ್ನು ಕೊಟ್ಟು
ಕಣ್ಣು ಮುಚ್ಚಿದ,
ಒಂದು ಕುರ್ಚಿಯೂ ಇಲ್ಲದ ಆ ಕೋಣೆಯಲ್ಲಿ
ಹತ್ತೇ ನಿಮಿಷ.

ಸುಳ್ಳು ಹೇಳುವ ಉಪಕರಣ ಹಿಡಿಯುವುದು ನನ್ನ ಕೆಲಸ.
ಇದು ಸುಳ್ಳು ಹೇಳಿರಲಿಲ್ಲ.

ಎಳೆ ಉದುರದ ಕಾಗದದಲ್ಲಿ ವರದಿ ಬರೆದೆ:
ದೋಷ, ಇಲ್ಲ. ಕಾರಣ, ಸ್ಥಳ.
ಪರಿಹಾರ, ಏಳನೆಯದನ್ನು
ಆರು ಗೇಣು ಬಲಕ್ಕೆ ಸರಿಸುವುದು.
ಸರಿಸಿದೆ.

ಈಗ ಪರದೆಯ ಮೇಲೆ ಗೆರೆ ರಾತ್ರಿಯಿಡೀ ನೆಟ್ಟಗಿದೆ.
ಮೂರೂಕಾಲಿಗೆ
ನಾನೇ ಒಮ್ಮೆ ತಲೆಯೆತ್ತುತ್ತೇನೆ.