ಗುಮ್ಮಟದ ಹನ್ನೆರಡು ನಿಮಿಷ

ನಾನು ವಾಲ್ಮನ್ ಲಾಡಸಾಬ.
ವಿಜಯಪುರದಾಗ ನೀರು ಬಿಡೂದು, ನೀರು ಬಂದ್ ಮಾಡೂದು,
ನಡುವ ಉಳಿದ ಹೊತ್ತು ಮ್ಯಾಲ ನೋಡೂದು.
ಆಫೀಸಿನ ವಹಿಯೊಳಗ ಓಣಿಯ ಹೆಸರು, ವಾಲ್ ನಂಬರು, ಬಿಟ್ಟ ವ್ಯಾಳ್ಯಾ;
ಅಂಚಿನಾಗ, ಪೆನ್ಸಿಲಿನಿಂದ,
ಚಂದ್ರಾಮ ಎದ್ದ ವ್ಯಾಳ್ಯಾ.
ಸಾಹೇಬರು ಒಮ್ಮೆ ಬಟ್ಟಿಟ್ಟು ಕೇಳಿದರು: ಇದೇನು, ಲೀಕೇಜ?
ಹೌದ್ರಿ, ಅಂದೆ.

ಬರಿಯಾಕ ಹಚ್ಚಿದಾಕಿ ಜೈತುನಬಿ.
ಎರಡೂ ಕಣ್ಣಾಗ ಪೊರಿ ಬಂದು ನಾಕು ವರ್ಷ.
ಅಕಿ ಮನಿ ಮುಂದಿನ ಗುಂಡ್ಯಾಗ ಇಳಿದು ನಾ ಚಾವಿ ತಿರುವೂವಾಗ
ಕಟ್ಟಿ ಮ್ಯಾಲ ಕುಂತು ಕೇಳತಿದ್ಳು:
ನೀರು ಬಂದದ್ದು ಹೇಳಬ್ಯಾಡ, ಸಪ್ಪಳ ಕೇಳತೈತಿ.
ಚಾಂದ ಎಲ್ಲೈತಿ, ಅದನ್ನ ಹೇಳು.

ಈ ತಿಂಗಳ ಎಳೇ ಚಂದ್ರಾಮನ್ನ ಯಾರೂ ಹುಡುಕಲಿಲ್ಲ.
ಹಬ್ಬ ಇಲ್ಲ, ಉಪಾಸ ಇಲ್ಲ,
ಮಾಳಿಗಿ ಹತ್ತಿ ಅಗೋ ಅಗೋ ಅನ್ನೋ ಹುಡುಗರಿಲ್ಲ.
ಇಬ್ರಾಹಿಂ ರೋಜಾದ ಮಿನಾರಿನ ಬಗಲಿಗೆ
ಕತ್ತಲಿ ಕ್ವಾಣ್ಯಾಗ ಇಟ್ಟ ತಾಮ್ರದ ಕೊಡದ ಕಂಠ ಅಷ್ಟೇ ಹೊಳದಂಗ
ಅರ್ಧ ತಾಸು ಇದ್ದ, ಇಳಿದ.
ಸಾಕ್ಷಿಗೆ ಇಬ್ಬರು ಬೇಕಂತ.
ಬಾಜೂಕ ಹಾಲಿನ ಶಂಕ್ರೆಪ್ಪ ನಿಂತಿದ್ದ, ಫೋನಿನಾಗ ಮುಳುಗಿದ್ದ.

ಅಷ್ಟಮಿ. ಮಟಮಟ ಮಧ್ಯಾಹ್ನಕ್ಕ ಎದ್ದು
ಬಿಸಿಲಾಗ ಯಾರ ಕಣ್ಣಿಗೂ ಬೀಳದ
ಸಂಜೀಕ ಬಾರಾ ಕಮಾನಿನ ಮ್ಯಾಲ ಬಂದ.
ಅರ್ಧಕ್ಕ ನಿಂತ ಕಟ್ಟಡ, ಅರ್ಧ ಚಂದ್ರಾಮ.
ಇಂವಾ ಇನ್ನೊಂದು ವಾರದಾಗ ಮುಗಸ್ತಾನ.

ಹುಣ್ಣಿವಿ.
ಕ್ಯಾಲೆಂಡರಿನಾಗ ಆರು ಐವತ್ತೊಂದು,
ಜೈತುನಬಿಯ ಓಣ್ಯಾಗ ಏಳು ಮೂರು.
ಕ್ಯಾಲೆಂಡರ್ ಸುಳ್ಳಲ್ಲ, ನನ್ನ ಗಡಿಯಾರಾನೂ ಸುಳ್ಳಲ್ಲ.
ನಡುವಿನ ಹನ್ನೆರಡು ನಿಮಿಷ ಗೋಳಗುಮ್ಮಟದ್ದು.
ಅಷ್ಟೊತ್ತು ಅದು ಚಂದ್ರಾಮನ್ನ ಬೆನ್ನ ಹಿಂದ ಹಿಡಕೊಂಡು
ಏನ ಮಾಡತೈತೋ,
ಆಮ್ಯಾಲ ಬಿಡತೈತಿ, ನಾ ವಾಲ್ ಬಿಟ್ಟಂಗ,
ಮೊದಲ ಒಂಚೂರು, ಕೆಂಪಗ, ಮಣ್ಣು ಮಣ್ಣು;
ತಿಳಿ ಆಗಾಕ ಹೊತ್ತು ಹಿಡೀತೈತಿ.

ಅವತ್ತು ಜೈತುನಬಿ ಗುಟ್ಟು ಬಿಟ್ಟಳು.
ನನಗ ಕಾಣೂದಿಲ್ಲಂತ ತಿಳದೀಯೇನೋ?
ಏಳು ಕಾಣತಾವ.
ಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಕೇಳತೈತಲ್ಲ, ಹಂಗ.
ಖರೇದು ಯಾವುದು ಅಂತ ಕೇಳತಿದ್ದೆ, ಅಷ್ಟ.

ನಾಕು ದಿನಕ್ಕ ಸಂಕಷ್ಟಿ.
ನೀಲಗಂಗಕ್ಕ ಹಸದ ಹೊಟ್ಟೀಲೆ ಫೋನ್ ಮ್ಯಾಲ ಫೋನ್:
ಎದ್ದನೇನೋ ಲಾಡಸಾಬ? ಮಾಡ ಸರೀತೇನೋ?
ದಿನಾ ಐವತ್ತು ನಿಮಿಷ ತಡಾ ಮಾಡತಾನ.
ನಾ ಹಂಗ ಬಂದ್ರ ಮೆಮೋ.
ಒಂಬತ್ತು ನಲವತ್ತಕ್ಕ ನಾನ ಮಿಸ್ಡ್ ಕಾಲ್ ಕೊಟ್ಟೆ:
ಅದಽ ನಮ್ಮ ಕರಾರು.

ಆಮ್ಯಾಲಿನ ಚಂದ್ರಾಮ ನನಗ, ನಾಯಿಗೆ,
ಸೊಲ್ಲಾಪುರದ ಕಡಿ ಹೊರಟ ಲಾರಿಗೆ.
ಹನ್ನೆರಡೂವರಿ. ಒಂದೂ ಕಾಲು. ಎರಡು.
ಹಳೇ ಕಾಲದ ನೀರಿನ ಗಂಜ್ ಖಾಲಿ ನಿಂತಾವ;
ಯಾವ ಸುಲ್ತಾನನ ವಾಲ್ಮನ್ ಇಲ್ಲಿ ನಿಂತು
ಹಿಂಗಽ ಆಕಳಿಸಿದ್ನೋ.
ಬೆಳಗಾಗೂ ಹೊತ್ತಿಗೆ ಅಂವಾ ನೆತ್ತಿ ಮ್ಯಾಲ,
ಕೆಲಸ ಮುಗದ ಮ್ಯಾಲೂ ಮನಿಗಿ ಹೋಗದಾಂವ.

ಅಮಾಸಿ ಹಿಂದಿನ ದಿನ
ಸರಕಾರಿ ಕ್ಯಾಂಪಿನಾಗ ಜೈತುನಬಿಯ ಬಲಗಣ್ಣು ಆಪರೇಶನ್.
ಕಣ್ಣಿಗೆ ಪಟ್ಟಿ. ಮ್ಯಾಲೂ ಕತ್ತಲಿ.
ವಹಿಯ ಅಂಚು ಖಾಲಿ ಬಿಟ್ಟೆ.

ಮೂರನೇ ಸಂಜಿ, ಕಪ್ಪು ಕನ್ನಡಕ ಹಣಿಗೇರಿಸಿ,
ಪಡುವಣಕ್ಕ ಮಾರಿ ಮಾಡಿ ನಿಂತಿದ್ಳು.
ನಾ ಗುಂಡ್ಯಾಗಿಂದ ತಲಿ ಎತ್ತಿದೆ, ಏನೂ ಹೇಳಲಿಲ್ಲ.
ಅಕೀನ ಕಂಡಳು.
ಬಾಳ ಹೊತ್ತು ಸುಮ್ಮನಿದ್ದು,
ಬರೇ ಒಂದಾ? ಅಂದಳು.
ಇಷ್ಟು ಸಣ್ಣದಾ?
ಅಂಗೈಯಿಂದ ಹೊಸಾ ಕಣ್ಣು ಮುಚ್ಚಿ, ಹಳೇ ಕಣ್ಣು ತಗದು
ಎಣಿಸಿದಳು.
ಅದಾವ, ಇಲ್ಲೇ ಅದಾವ.
ಡಾಕ್ಟರಿಗೆ ಹೇಳಿಬಿಡು ಲಾಡಸಾಬ,
ಎಡಗಣ್ಣು ಹಂಗಽ ಇರಲಿ.

ನೀರು ಬಿಟ್ಟೆ. ಪ್ರೆಶರ್ ಕಮ್ಮಿ ಇತ್ತು.
ವಹಿಯಾಗ ಬರದೆ:
ಮುಳುಗಿದ್ದು ಏಳು ನಲವತ್ತು. ಬಲಕ್ಕ ಒಂದು, ಎಡಕ್ಕ ಏಳು.
ಸಾಹೇಬರು ಕೇಳಿದ್ರ ಏನಾರ ಹೇಳತೀನಿ.