ನಲವತ್ತೊಂದನೆಯ ನಂಬರಿನ ಮರ

ಟಿಕೆಟ್ಟಿನ ಜೊತೆ ಒಂದು ನಕ್ಷೆ ಕೊಡುತ್ತೇನೆ.
ಬಂಗಲೆಗೆ ಒಂದೇ ನಂಬರು, ಮರಗಳಿಗೆ ನೂರಾ ಹನ್ನೆರಡು:
ಲೆಬನಾನಿನ ದೇವದಾರು, ವರ್ಜೀನಿಯಾದ ಟ್ಯೂಲಿಪ್ ಮರ,
ಸಿಡಿಲು ತಿಂದು ಮೊಂಡಾದ ಸೆಕ್ವೊಯಾ.
ಡ್ಯಾನ್ಯೂಬಿನ ಈ ಬಯಲಲ್ಲಿ ತಾನಾಗಿ ಹುಟ್ಟಿದ ಓಕ್‌ಗೆ
ನಂಬರಿಲ್ಲ.

ನಲವತ್ತೊಂದು, ಗಿಂಕ್ಗೊ.
ಕೌಂಟ್ ಬರೆದ ಪತ್ರ ಗಾಜಿನ ಪೆಟ್ಟಿಗೆಯಲ್ಲಿದೆ:
‘ನೃತ್ಯಶಾಲೆಯ ಕಿಟಕಿ ಪಕ್ಕ ನೆಡಲು. ಗಂಡು ಸಸಿಯನ್ನೇ ಕಳಿಸಿ.
ಹೆಣ್ಣಿನ ಹಣ್ಣು ನಾರುತ್ತದಂತೆ.’
ನರ್ಸರಿಯವನು ಆಣೆ ಮಾಡಿ ಕಳಿಸಿದ.
ಸಸಿ ಮೂವತ್ತೈದು ವರ್ಷ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಕೌಂಟ್ ಸತ್ತ. ಮಗ
ಬೆಳ್ಳಿ ಚಮಚಗಳನ್ನು ಹಾಸಿಗೆಯಲ್ಲಿ ಸುತ್ತಿಕೊಂಡು
ರಾತ್ರೋರಾತ್ರಿ ಗಡಿ ದಾಟಿದ.
ಆ ಚಳಿಗಾಲ ಸೈನಿಕರು ಕೊಡಲಿ ಹಿಡಿದು ತೋಟಕ್ಕೆ ಇಳಿದಾಗ
ಮಾಲಿ ಗಾಷ್ಪಾರ್, ನನ್ನ ಅಜ್ಜ,
ಅವರನ್ನು ಕರೆದೊಯ್ದು ಪಿಯಾನೊ ತೋರಿಸಿದ.
ಒಣಗಿದ ಮರ, ಚೆನ್ನಾಗಿ ಉರಿಯುತ್ತದೆ, ಅಂದ.
ತಂತಿಗಳು ಒಲೆಯಲ್ಲಿ ಒಂದೊಂದಾಗಿ ಸಿಡಿದದ್ದನ್ನು
ಸಾಯುವ ವಾರ ಅಮ್ಮನಿಗೆ ಹೇಳಿದನಂತೆ,
ಪಾಪ ಒಪ್ಪಿಸುವವರ ಹಾಗೆ.

ಆಮೇಲೆ ಇದು ಕೃಷಿ ಶಾಲೆ. ಮೊದಲ ಹಣ್ಣು ಬಿದ್ದ ಅಕ್ಟೋಬರ್
ಹುಡುಗರು ಒಬ್ಬರ ಕಾಲುಚೀಲವನ್ನೊಬ್ಬರು ದೂರಿದರು.
ಹಳಸಿದ ಬೆಣ್ಣೆಯ ನಾತ ಪಾಠದ ಕೋಣೆಗೂ ಬಂತು.
ಕಡಿಯಿರಿ, ಎಂದರು ನಿರ್ದೇಶಕರು.
ಅರ್ಜಿ ಜಿಲ್ಲೆಗೆ ಹೋಯಿತು, ಷರಾ ಹೊತ್ತು ಮರಳಿತು:
‘ದಾಖಲೆಯಂತೆ ಸದರಿ ಮರ ಗಂಡು.
ಗಂಡು ಮರ ಹಣ್ಣು ಬಿಡುವುದಿಲ್ಲ. ದೂರು ವಜಾ.’

ಇದರ ಗಂಡು, ರೈಲು ನಿಲ್ದಾಣದ ಹಿಂದೆ ಇದೆ ಅನ್ನುತ್ತಾರೆ.
ನಾನು ನೋಡಲು ಹೋಗಿಲ್ಲ.

ಹೋದ ವರ್ಷ ಒಬ್ಬ ಮುದುಕಿ ಬಂದಳು,
ಕೈಗೆ ರಬ್ಬರ್ ಗವಸು, ಬಗಲಲ್ಲಿ ಬಕೆಟ್ಟು.
ಟೀವಿ ಕಾರ್ಖಾನೆಯ ಕೊರಿಯಾ ಇಂಜಿನಿಯರನ ತಾಯಿ, ಬೊಕ್ಸೂನ್.
ಸೆಕ್ವೊಯಾವನ್ನು ತಲೆಯೆತ್ತಿ ನೋಡಲೂ ಇಲ್ಲ.
ಮೂಗು ಗಾಳಿಗೆ ಹಿಡಿದು ನೇರ ನಲವತ್ತೊಂದಕ್ಕೆ ನಡೆದಳು,
ಸಂತೆಯಲ್ಲಿ ತನ್ನೂರವಳನ್ನು ಕಂಡವಳ ಹಾಗೆ
ಏನೋ ಅಂದಳು, ತೊಗಟೆಯನ್ನು ಎರಡು ಸಲ ತಟ್ಟಿದಳು.
ಬೈದಳೋ, ಕುಶಲ ಕೇಳಿದಳೋ.

ಮರುದಿನ ಕಾಗದದ ಪೊಟ್ಟಣ ತಂದಳು:
ಉಪ್ಪು ಹಾಕಿ ಹುರಿದ ಬೀಜ, ಗಿಳಿಹಸಿರು, ಇನ್ನೂ ಬಿಸಿ.
ಎರಡೂ ಕೈಯ ಬೆರಳು ಬಿಡಿಸಿ ತೋರಿಸಿ ತಲೆ ಅಲ್ಲಾಡಿಸಿದಳು,
ಹತ್ತಕ್ಕಿಂತ ಹೆಚ್ಚು ಬೇಡ, ವಿಷ.
ನಾನು ಏಳು ತಿಂದೆ. ಮೊದಲು ಸಿಹಿ ಅನ್ನಿಸುತ್ತದೆ,
ಕಹಿ ಆಮೇಲೆ, ನಾಲಗೆಯ ಬುಡದಲ್ಲಿ.

ರಿಜಿಸ್ಟರಿನಲ್ಲಿ ಇವತ್ತಿಗೂ ಅದು ಗಂಡು.
ತಿದ್ದುವ ಪೆನ್ನು ನನ್ನ ಬಳಿಯೇ ಇದೆ, ತಿದ್ದಿಲ್ಲ.
ಸೋಮವಾರ ತೋಟಕ್ಕೆ ರಜೆ. ಆದರೆ ಅಕ್ಟೋಬರಿನಲ್ಲಿ
ಹಿಂದಿನ ಗೇಟಿನ ಅಗುಳಿ
ಹಾಕಲು ಮರೆಯುತ್ತೇನೆ.