ಅಡಿಟಿಪ್ಪಣಿ ಹನ್ನೊಂದು

ಪ್ರತಿ ವರ್ಷ ಡಿಸೆಂಬರಿನ ಎರಡನೇ ಶನಿವಾರ
ಹಂಪನಕಟ್ಟೆಯ ಆ ಸಭಾಂಗಣಕ್ಕೆ ಬಣ್ಣ ಹೊಡೆಯುತ್ತಾರೆ,
ಅಥವಾ ಹೊಡೆದ ಹಾಗೆ ವಾಸನೆ ಬರುತ್ತದೆ.
ವರ್ಷದ ಅತ್ಯುತ್ತಮ ಅರ್ಥಶಾಸ್ತ್ರ ಪ್ರಬಂಧಕ್ಕೆ
ಹಿತ್ತಾಳೆಯ ಫಲಕ, ಶಾಲು, ಇಪ್ಪತ್ತೈದು ಸಾವಿರ,
ಶಂಕರಪುರ ಮಲ್ಲಿಗೆಯ ಹಾರ.
ಅಟ್ಟೆಗೆ ಇವತ್ತು ಎಷ್ಟಾಯಿತೆಂದು ಕೇಳಿದವನು
ಕುರ್ಚಿ ಹಾಕುವ ಹುಡುಗ ಒಬ್ಬನೇ.

ಈ ಸಲ ನಮ್ಮ ಕ್ರಾಸ್ತಾ ಸರ್.
‘ಬಂದರಿನಲ್ಲಿ ಮೀನು ಮಾರುವ ಮಹಿಳೆಯರ ದಿನಬಡ್ಡಿ ಸಾಲ:
ಇನ್ನೂರ ಹನ್ನೆರಡು ಕುಟುಂಬಗಳ ಅಧ್ಯಯನ.’
ತೀರ್ಪುಗಾರರು ಹೊಗಳಿ ಓದುತ್ತಿದ್ದರು.
ನಾನು ಹಿಂದಿನಿಂದ ಮೂರನೇ ಸಾಲಿನಲ್ಲಿ
ಗೋಳಿಬಜೆಯ ಎಣ್ಣೆ ಬೆರಳಿಗೆ ಅಂಟಿಸಿಕೊಂಡು ಕೂತಿದ್ದೆ.
ಇನ್ನೂರ ಹದಿಮೂರು ಸರ್,
ಬಾಗಿಲು ತಟ್ಟಿದವಳು ನಾನು.

ಬೆಂಗ್ರೆಗೆ ದೋಣಿಯಲ್ಲಿ ಹೋದೆ,
ಮಡಿಲಲ್ಲಿ ಪ್ರಶ್ನಾವಳಿ, ಪ್ಲಾಸ್ಟಿಕ್ ತೊಟ್ಟೆಯೊಳಗೆ ಪೆನ್ನು.
ಮುಂಜಾನೆ ನಾಲ್ಕೂವರೆಗೆ ಧಕ್ಕೆಯಲ್ಲಿ ನಿಂತು
ಏಲಂ ಕೂಗುವವನ ಬಾಯಿಯ ಹಿಂದೆ ಓಡಿ ಓಡಿ ಬರೆದೆ.
ಬೆಳಿಗ್ಗೆ ಸಾವಿರ ತಗೊಂಡರೆ ಸಂಜೆಗೆ ಸಾವಿರದ ನೂರು.
ಇದು ಬಂದರಿನ ಬೆಕ್ಕಿಗೂ ಗೊತ್ತು.
ಆದರೂ ಸುಳ್ಳು ಯಾಕೆ,
ಆ ಮೂರನೇ ಕೋಷ್ಟಕ ಅಚ್ಚಾಗಿ ಬಂದಾಗ
ನನಗೂ ಮೈ ಜುಂ ಎಂದಿತ್ತು.

ನೂರ ಎಂಬತ್ತನೆಯವರು ಸೇಸಿ ಕುಂದರ್.
ವಯಸ್ಸು?
“ದೊಡ್ಡ ಬೊಳ್ಳ ಬಂದ ವರ್ಷ ನನ್ನ ಮದುವೆ, ಲೆಕ್ಕ ನೀನೇ ಹಾಕು.”
ಸಾಲ ಕೊಡುತ್ತೀರಾ? ಕೊಡುತ್ತೇನೆ.
ಎಷ್ಟು? “ಬುಟ್ಟಿ ಖಾಲಿ ಇದ್ದವಳಿಗೆ, ಬುಟ್ಟಿ ತುಂಬುವಷ್ಟು.”
ಬಡ್ಡಿ?
ಕತ್ತಿ ಒರೆಸುತ್ತಾ ಯೋಚಿಸಿದರು.
“ಒಂದು ಬಂಗುಡೆ.”
ತಿಂಗಳಿಗಾ, ವಾರಕ್ಕಾ?
“ಸಾಲ ತೀರಿದ ದಿನ. ಬಂಗುಡೆ ಬಿದ್ದಿದ್ದರೆ.”
ಬೀಳದಿದ್ದರೆ?
“ಬೀಳದಿದ್ದರೆ ಎಂಚಿನ ಬಂಗುಡೆ ಮಗಾ?”

ಆ ಕಾಲಂ ಅಂಕಿಗಳನ್ನು ಮಾತ್ರ ನುಂಗುತ್ತದೆ.
ನಾನು ಬಂಗುಡೆ ಎಂದೇ ಬರೆದೆ, ಪೆನ್ಸಿಲಿನಲ್ಲಿ.
ಕಂಪ್ಯೂಟರಿನ ಚೌಕ ಕೆಂಪಾಯಿತು.
ಸರ್ ಕನ್ನಡಕ ತೆಗೆದು ನಕ್ಕರು, ಪ್ರೀತಿಯಿಂದಲೇ ನಕ್ಕರು:
“ಬಂಗುಡೆಗೆ ರೇಟು ಹಾಕಬಹುದು ಶಶಿಪ್ರಭಾ,
ಬೀಳದ ಬಂಗುಡೆಗೆ?”
ಎರಡು ದಿನ ಕೂತೆವು.
ಸೆಪ್ಟೆಂಬರಿನ ದರ ಹಾಕಿ ನೋಡಿದೆವು,
ದೋಣಿ ಇಳಿಯದ ಎರಡು ತಿಂಗಳಿಗೆ ಸೊನ್ನೆ ಹಾಕಿ ನೋಡಿದೆವು,
ಗೆರೆ ಎತ್ತಲೋ ಹೊರಟಿತು,
ಅಳಿವೆಬಾಗಿಲಲ್ಲಿ ಇಂಜಿನ್ ಕೆಟ್ಟ ಬೋಟಿನ ಹಾಗೆ.

ಹದಿನಾರನೇ ಪುಟದ ಬುಡದಲ್ಲಿ, ಇರುವೆಗಾತ್ರದ ಅಕ್ಷರ,
ಅಡಿಟಿಪ್ಪಣಿ ಹನ್ನೊಂದು:
‘ಮಾಹಿತಿ ಅಪೂರ್ಣವಾಗಿದ್ದುದರಿಂದ
ಒಂದು ಕುಟುಂಬವನ್ನು ಕೈಬಿಡಲಾಗಿದೆ.’

ಅಪೂರ್ಣ!
ಅವರು ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟಿದ್ದರು,
ಕೊನೆಗೆ ನನಗೇ ಒಂದು ಕೇಳಿದ್ದರು:
“ನಿನಗೆ ದಿನಕ್ಕೆ ಎಷ್ಟು ಕೊಡ್ತಾರೆ?”
ಮುನ್ನೂರೈವತ್ತು ಅಂದೆ.
“ದೋಣಿ ಖರ್ಚು?”
ನನ್ನದೇ.
ಬೆರಳ ಗಿಣ್ಣುಗಳ ಮೇಲೆ ಏನೋ ಎಣಿಸಿದರು,
ಮಾತಾಡದೆ ಪೇಪರಿನಲ್ಲಿ ಆರು ಬಂಗುಡೆ ಸುತ್ತಿ ಕೊಟ್ಟರು.
ಅದನ್ನು ನಾನು ಯಾವ ಹಾಳೆಯಲ್ಲೂ ಬರೆದಿಲ್ಲ.

ಈಗ ಸರ್ ಮೈಕಿನ ಮುಂದೆ, ಗಂಟಲು ಕಟ್ಟಿದೆ ಅವರಿಗೆ.
ಕೃತಜ್ಞತೆಯ ಪಟ್ಟಿಯಲ್ಲಿ ನಾನು ಶಶಿಕಲಾ ಎಂದು ಅಚ್ಚಾಗಿದ್ದೆ,
ಅವರು ತಿದ್ದಿ ಓದಿದರು.
ಚಪ್ಪಾಳೆ. ನಾನೂ ತಟ್ಟಿದೆ.
ಒಳ್ಳೆಯ ಪ್ರಬಂಧ ಅದು, ನಿಜವಾಗಿ.

ಹುಡುಗ ಕುರ್ಚಿ ಮಡಚುವ ಹೊತ್ತಿಗೆ
ಸ್ಟೇಟ್ ಬ್ಯಾಂಕ್ ಕಡೆ ಇಳಿದೆ.
ಈ ವಾರ ಬಂಗುಡೆ ಚೆನ್ನಾಗಿ ಬಿದ್ದಿದೆಯಂತೆ,
ಬುಟ್ಟಿ ಬುಟ್ಟಿಯಲ್ಲೂ ನೀಲಿ ಬೆನ್ನು.
ಒಂದು ಕೊಡಿ ಅಂದೆ.
“ಒಂದು ಕಿಲೋವಾ?”
ಒಂದು ಬಂಗುಡೆ.
ಮಾರುವವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು,
ದೊಡ್ಡದೇ ಆರಿಸಿದಳು.
ದೋಣಿ ಹೊರಡಲು ಇನ್ನು ಹತ್ತು ನಿಮಿಷ.